ಕಪಾಟಿನಲ್ಲಿ ಯಾರಿದ್ದಾರೆ, ಯಾರಿಲ್ಲ? ಮಕ್ಕಳ ಪುಸ್ತಕ, ಗ್ರಂಥಾಲಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಪುಸ್ತಕಗಳ ಆಯ್ಕೆ, ಅವುಗಳ ಮೇಲೆ ಬರುವ ಆಕ್ಷೇಪ ಮತ್ತು ಗ್ರಂಥಾಲಯ ಉಳಿಸಿಕೊಳ್ಳುವ ಬಗೆಯನ್ನು ಕೇಳಿವೆ. ಮಕ್ಕಳ ಗ್ರಂಥಾಲಯದ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಸುಮಾರು 800 ಮಕ್ಕಳ ಪುಸ್ತಕಗಳಿವೆ. ಪುಸ್ತಕಗಳಲ್ಲಿ ವೈವಿಧ್ಯ ಇರಬೇಕು ಎನ್ನುತ್ತಾರೆ. ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಲ್ಲವನ್ನೂ ಓದಿ ನೋಡುವಷ್ಟು ಸಮಯ ನನಗಿಲ್ಲ. (ಗ್ರಂಥಾಲಯದ ಹೊಣೆ ಹೊತ್ತ ಶಿಕ್ಷಕಿ)

ಉತ್ತರ: ಎಲ್ಲವನ್ನೂ ಓದಬೇಕಿಲ್ಲ. ದಾಖಲಾತಿ ರಿಜಿಸ್ಟರ್ ತೆರೆದು ಪ್ರತಿ ಹತ್ತನೆಯ ಪುಸ್ತಕಕ್ಕೆ ಗುರುತು ಹಾಕಿ, 80 ಪುಸ್ತಕ ಸಿಗುತ್ತವೆ. ಕಪಾಟಿನಿಂದ ನೇರವಾಗಿ ಆರಿಸಬೇಡಿ. ಮಕ್ಕಳು ನಿಜಕ್ಕೂ ಓದುತ್ತಿರುವ ಪುಸ್ತಕಗಳು ಆ ಹೊತ್ತಿಗೆ ಮನೆಗಳಲ್ಲಿರುತ್ತವೆ, ಕಪಾಟಿನಲ್ಲಿ ಉಳಿದಿರುವುದು ಯಾರೂ ಒಯ್ಯದ್ದು. ಇಷ್ಟವಾದದ್ದನ್ನು ಕೈಯಿಂದ ಎತ್ತಿಕೊಂಡರೂ ಲೆಕ್ಕ ಕೆಡುತ್ತದೆ. ಇಬ್ಬರು ಕೂತು ಓದುವುದು ಒಳ್ಳೆಯದು, ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳುತ್ತದೆ.

ಒಂದು ದೊಡ್ಡ ಹಾಳೆಯಲ್ಲಿ ಅಂಕಣಗಳನ್ನು ಎಳೆಯಿರಿ: ಮುಖ್ಯ ಪಾತ್ರ ಹುಡುಗಿಯೋ ಹುಡುಗನೋ ಪ್ರಾಣಿಯೋ, ಕಥೆ ನಡೆಯುವ ಜಾಗ, ಮನೆಯವರ ದುಡಿಮೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಧರ್ಮ ಮತ್ತು ಸಮುದಾಯ, ಮೈಬಣ್ಣ, ಅಂಗವೈಕಲ್ಯ, ಮನೆಮಾತು, ಬರೆದವರು, ಚಿತ್ರ ಬರೆದವರು, ಪ್ರಕಟವಾದ ವರ್ಷ. ಇವಿಷ್ಟನ್ನು ಬಹುತೇಕ ಎಲ್ಲರೂ ಮಾಡುತ್ತಾರೆ. ಬಿಟ್ಟುಹೋಗುವುದು ಇನ್ನೆರಡು ಅಂಕಣ, ಮತ್ತು ಅವೇ ಮುಖ್ಯ: ಕಥೆಯ ಸಮಸ್ಯೆಯನ್ನು ಬಿಡಿಸುವವರು ಯಾರು? ಈ ಪುಸ್ತಕ ಕಳೆದ ಎರಡು ವರ್ಷಗಳಲ್ಲಿ ಎಷ್ಟು ಸಲ ಎರವಲು ಹೋಗಿದೆ?

ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗಿಯ ಚಿತ್ರಪುಸ್ತಕ ಸಿಕ್ಕಿತು ಎನ್ನಿ. ಹಾಳೆಯಲ್ಲಿ ಟಿಕ್ ಹಾಕುವ ಮೊದಲು ಪುಟಗಳನ್ನು ನಿಧಾನವಾಗಿ ತಿರುವಿ. ಮೊದಲ ಪುಟಗಳಲ್ಲಿ ಮಕ್ಕಳು ಅವಳನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ, ನಡುವೆ ಅವಳು ಯಾರದೋ ಪ್ರಾಣ ಉಳಿಸುತ್ತಾಳೆ, ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಚಿತ್ರದಲ್ಲಿ ಅವಳ ಕುರ್ಚಿಯನ್ನು ಸದಾ ಬೇರೆ ಯಾರೋ ತಳ್ಳುತ್ತಿರುತ್ತಾರೆ, ಅವಳ ಕೈಗಳು ಚಕ್ರದ ಮೇಲೆ ಒಮ್ಮೆಯೂ ಇಲ್ಲ. ಹುಡುಗಿ ಪುಸ್ತಕದಲ್ಲಿದ್ದಾಳೆ, ಆದರೆ ಉಳಿದವರಿಗೆ ಪಾಠ ಹೇಳಲು ಮಾತ್ರ. ಅದೇ ಹುಡುಗಿ ಕಳೆದುಹೋದ ಬೆಕ್ಕನ್ನು ಹುಡುಕುವ, ತಮ್ಮನ ಜೊತೆ ಜಗಳವಾಡುವ, ತಪ್ಪು ಮಾಡಿ ಬೈಸಿಕೊಳ್ಳುವ ಪುಸ್ತಕ ನಿಮ್ಮಲ್ಲಿ ಒಂದಾದರೂ ಇದೆಯೇ ಎಂದು ನೋಡಿ. ನೋವಿನ ಕಥೆಗಳು ಬೇಡವೆಂದಲ್ಲ. ಒಂದು ಸಮುದಾಯದ ಮಗು ಕಪಾಟಿನಲ್ಲಿ ಕಾಣುವುದು ಬರೀ ಅವಮಾನದ, ಬಡತನದ ಕಥೆಗಳಲ್ಲೇ ಆದರೆ, ಆ ಮಗುವಿನ ನಗು, ಆಟ, ಕುತೂಹಲ ನಿಮ್ಮ ಗ್ರಂಥಾಲಯದಲ್ಲಿಲ್ಲ ಎಂದರ್ಥ.

ಪ್ರಾಣಿಗಳ ಕಥೆಗಳನ್ನು ಬೇರೆಯಾಗಿಯೇ ಎಣಿಸಿ. ಅವು ಎಲ್ಲರಿಗೂ ಸೇರಿದವು ಎಂದು ಲೆಕ್ಕಕ್ಕೆ ಸೇರಿಸಿದರೆ ಕೊರತೆ ಮರೆಯಾಗುತ್ತದೆ.

ಎಣಿಸಿ ನೋಡಿದಾಗಲೇ ಕೊರತೆ ಕಣ್ಣಿಗೆ ಬೀಳುವುದು. 1965ರಲ್ಲಿ ಅಮೆರಿಕದ ಶಿಕ್ಷಣ ತಜ್ಞೆ ನ್ಯಾನ್ಸಿ ಲಾರಿಕ್ ಹಿಂದಿನ ಮೂರು ವರ್ಷಗಳಲ್ಲಿ ಅಲ್ಲಿ ಪ್ರಕಟವಾದ 5,000ಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದರು. ಒಬ್ಬರಾದರೂ ಕಪ್ಪು ಜನರು ಕಾಣಿಸಿಕೊಂಡದ್ದು ಶೇ 6.7ರಷ್ಟು ಪುಸ್ತಕಗಳಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಕೆ ಶುರುಮಾಡಿದಾಗ, ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರು ಅಥವಾ ಕಲಾವಿದರದ್ದು 18 ಮಾತ್ರ. ಈಗ ಆ ಕೇಂದ್ರ ಒಂದು ಸಮುದಾಯದ ‘ಬಗ್ಗೆ’ ಇರುವ ಪುಸ್ತಕ, ಆ ಸಮುದಾಯದವರೇ ‘ಬರೆದ’ ಪುಸ್ತಕ ಎಂದು ಎರಡು ಲೆಕ್ಕ ಇಡುತ್ತದೆ. ನೀವೂ ಹಾಗೇ ಮಾಡಿ. ಮೊದಲ ಅಂಕಿ ಏರುತ್ತಿದ್ದು ಎರಡನೆಯದು ಅಲ್ಲೇ ನಿಂತಿದ್ದರೆ, ಆ ಸಮುದಾಯದ ಕಥೆಯನ್ನು ಹೊರಗಿನವರೇ ಹೇಳುತ್ತಿದ್ದಾರೆ ಎಂದಾಯಿತು.

ಲೆಕ್ಕ ಮುಗಿದ ಮೇಲೆ ಖಾಲಿ ಉಳಿದ ಮೂರು ಅಂಕಣ ಆರಿಸಿ, ಮುಂದಿನ ಖರೀದಿಯ ಮೂರನೇ ಒಂದು ಭಾಗವನ್ನು ಅವಕ್ಕೆ ಮೀಸಲಿಡಿ. ಒಂದೊಂದು ಗುಂಪಿಗೆ ಒಂದೇ ಪುಸ್ತಕ ತಂದರೆ ಸಾಲದು. ಒಂದೇ ಪುಸ್ತಕ ಇಡೀ ಸಮುದಾಯದ ಭಾರ ಹೊರಬೇಕಾಗುತ್ತದೆ. ಕನಿಷ್ಠ ಮೂರಿರಲಿ, ಒಂದಕ್ಕೊಂದು ಹೋಲದ ಮೂರು.

ಪ್ರಶ್ನೆ: ಗ್ರಂಥಾಲಯದ ಒಂದು ಪುಸ್ತಕ ಮಕ್ಕಳಿಗೆ ತಕ್ಕದ್ದಲ್ಲ, ಇವತ್ತೇ ತೆಗೆಯಿರಿ ಎಂದು ಪೋಷಕರೊಬ್ಬರು ಗಟ್ಟಿಯಾಗಿ ಕೇಳಿದರು. ಜಗಳ ಬೇಡವೆಂದು ಅದನ್ನು ಮೇಜಿನ ಖಾನೆಗೆ ಹಾಕಿದ್ದಾರೆ. ಮುಂದೇನು? (ಗ್ರಂಥಾಲಯ ಸಮಿತಿ ಸದಸ್ಯ)

ಉತ್ತರ: ಮೊದಲು ಅದನ್ನು ಖಾನೆಯಿಂದ ತೆಗೆದು ಕಪಾಟಿಗೆ ವಾಪಸ್ ಇಡಿ. ಪರಿಶೀಲನೆ ಮುಗಿಯುವವರೆಗೆ ಪುಸ್ತಕ ಎಲ್ಲರ ಕೈಗೆ ಸಿಗುತ್ತಿರಬೇಕು. ಕೇಳಿದ ತಕ್ಷಣ ತೆಗೆದರೆ ತೀರ್ಮಾನ ವಿಚಾರಣೆಗೆ ಮೊದಲೇ ಆಗಿಹೋಯಿತು. ನಾಳೆ ಇನ್ನೊಬ್ಬರು ಇನ್ನೊಂದು ಪಟ್ಟಿ ತಂದಾಗ ಬೇಡ ಎನ್ನಲು ನಿಮಗೆ ಕಾರಣವೇ ಉಳಿಯುವುದಿಲ್ಲ.

ಬಂದವರ ಮಾತನ್ನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ. ಅರ್ಧಕ್ಕರ್ಧ ದೂರುಗಳು ಇಲ್ಲೇ ಮುಗಿಯುತ್ತವೆ, ಏಕೆಂದರೆ ಅವರಿಗೆ ಬೇಕಿರುವುದು ತಮ್ಮ ಮಗುವಿಗೆ ಬೇರೆ ಪುಸ್ತಕ. ಅದನ್ನು ಕೂಡಲೇ ಕೊಡಿ. ತನ್ನ ಮಗು ಏನು ಓದಬೇಕೆಂದು ಹೇಳುವ ಹಕ್ಕು ಪೋಷಕರಿಗಿದೆ. ಬೇರೆಯವರ ಮಕ್ಕಳ ಓದನ್ನು ನಿಲ್ಲಿಸುವ ಹಕ್ಕು ಇಲ್ಲ. ಈ ಗೆರೆಯನ್ನು ವಿನಯದಿಂದ, ಅಷ್ಟೇ ಸ್ಪಷ್ಟವಾಗಿ ಹೇಳಿ.

ಅಷ್ಟಕ್ಕೆ ಒಪ್ಪದಿದ್ದರೆ ಒಂದು ಪುಟದ ಅರ್ಜಿ ನಮೂನೆ ಕೊಡಿ. ಅದರಲ್ಲಿ ಇರಬೇಕಾದ್ದು: ಅರ್ಜಿದಾರರ ಹೆಸರು, ಪುಸ್ತಕದ ಹೆಸರು, ಇಡೀ ಪುಸ್ತಕ ಓದಿದ್ದೀರಾ, ಯಾವ ಪುಟದ ಯಾವ ಭಾಗಕ್ಕೆ ಆಕ್ಷೇಪ, ಅದರಿಂದ ಯಾರಿಗೆ ಏನಾಗಬಹುದು ಎಂಬ ಆತಂಕ, ನಿಮ್ಮ ಕೋರಿಕೆ ಏನು. ಹೆಸರಿಲ್ಲದ ಅರ್ಜಿ, ಮೊಬೈಲಿನಲ್ಲಿ ಹರಿದಾಡುವ ಹತ್ತಾರು ಹೆಸರುಗಳ ಪಟ್ಟಿ ಇವನ್ನು ಸ್ವೀಕರಿಸಬೇಡಿ. ಒಂದು ಅರ್ಜಿಗೆ ಒಂದೇ ಪುಸ್ತಕ.

ಸಮಿತಿಯಲ್ಲಿ ಐವರು ಅಥವಾ ಏಳು ಮಂದಿ ಇರಲಿ, ಬೆಸ ಸಂಖ್ಯೆಯಾದರೆ ಮತ ಸಮವಾಗುವುದಿಲ್ಲ. ಗ್ರಂಥಪಾಲಕರು, ಇಬ್ಬರು ಶಿಕ್ಷಕರು, ಒಬ್ಬ ಪೋಷಕರು, ಮಕ್ಕಳ ಸಾಹಿತ್ಯ ಬಲ್ಲ ಒಬ್ಬರು ಇದ್ದರೆ ಸಾಕು. ಅರ್ಜಿದಾರರು ಸಮಿತಿಯಲ್ಲಿ ಕೂರುವಂತಿಲ್ಲ. ಪ್ರತಿಯೊಬ್ಬರೂ ಪುಸ್ತಕವನ್ನು ಮೊದಲಿನಿಂದ ಕೊನೆವರೆಗೆ ಓದಿ ಬರಬೇಕು. ಪ್ರಕ್ರಿಯೆ ಹೆಚ್ಚಾಗಿ ಹಳಿ ತಪ್ಪುವುದು ಇಲ್ಲೇ: ಅರ್ಜಿದಾರರು ಗುರುತು ಹಾಕಿದ ಎರಡು ಪುಟದ ಜೆರಾಕ್ಸ್ ಹಂಚಲಾಗುತ್ತದೆ, ಅದನ್ನೇ ನೋಡಿ ಕೈ ಎತ್ತುತ್ತಾರೆ. ಬೈಗುಳವನ್ನು ಬಳಸುವ ಪುಸ್ತಕಕ್ಕೂ ಬೈಸಿಕೊಂಡ ಮಗುವಿನ ನೋವನ್ನು ತೋರಿಸುವ ಪುಸ್ತಕಕ್ಕೂ ಇರುವ ವ್ಯತ್ಯಾಸ ಬಿಡಿ ಪುಟದಲ್ಲಿ ಕಾಣುವುದಿಲ್ಲ. ಹಾಗಾಗಿ ಸಮಿತಿಗೆ ಪುಸ್ತಕದ ಪ್ರತಿಗಳನ್ನೇ ಕೊಡಿ.

30ರಿಂದ 45 ದಿನಗಳಲ್ಲಿ ಲಿಖಿತ ಉತ್ತರ ಹೋಗಬೇಕು, ಕಾರಣಗಳ ಸಮೇತ. ಒಪ್ಪದಿದ್ದರೆ ಒಂದು ಮೇಲ್ಮನವಿ. ಆ ಮೇಲೆ ಅದೇ ಪುಸ್ತಕವನ್ನು ಮೂರು ವರ್ಷ ಮತ್ತೆ ಪರಿಶೀಲಿಸುವುದಿಲ್ಲ ಎಂದು ನಿಯಮದಲ್ಲೇ ಬರೆದಿಡಿ. ಇಲ್ಲವಾದರೆ ಸಮಿತಿ ಒಂದೇ ಪುಸ್ತಕದ ಸುತ್ತ ತಿರುಗುತ್ತಲೇ ಇರುತ್ತದೆ.

ಕಾರಣ ಬರೆಯುವುದು ಏಕೆ ಮುಖ್ಯ ಎಂಬುದಕ್ಕೆ ಅಮೆರಿಕದ ಐಲೆಂಡ್ ಟ್ರೀಸ್ ಪ್ರಕರಣ ನೋಡಿ. ನ್ಯೂಯಾರ್ಕ್ ರಾಜ್ಯದ ಈ ಶಾಲಾ ಮಂಡಳಿ 1976ರಲ್ಲಿ ಗ್ರಂಥಾಲಯದಿಂದ ಪುಸ್ತಕಗಳನ್ನು ತೆಗೆಸಿತು. ತಾನೇ ನೇಮಿಸಿದ ಸಮಿತಿ ಐದು ಪುಸ್ತಕ ಉಳಿಸಿ ಎಂದರೂ ಆ ಮಾತನ್ನು ಬಹುಪಾಲು ತಳ್ಳಿಹಾಕಿತು, ಏಕೆ ಎಂದೂ ಹೇಳಲಿಲ್ಲ. ವಿದ್ಯಾರ್ಥಿಗಳು ಮೊಕದ್ದಮೆ ಹೂಡಿದರು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಂಡಳಿಯ ವಿರುದ್ಧ ತೀರ್ಪು ಕೊಟ್ಟಿತು. ಅದರಲ್ಲಿನ ವಿಚಾರ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಪುಸ್ತಕವನ್ನು ಶಾಲಾ ಗ್ರಂಥಾಲಯದಿಂದ ತೆಗೆಯುವಂತಿಲ್ಲ ಎಂದು ನ್ಯಾಯಮೂರ್ತಿ ಬ್ರೆನ್ನನ್ ಬರೆದರು. ಆ ಅಭಿಪ್ರಾಯಕ್ಕೆ ಪೀಠದ ಪೂರ್ಣ ಬಹುಮತ ಇರಲಿಲ್ಲ, ಆದ್ದರಿಂದ ಅದರ ಬಲದ ಬಗ್ಗೆ ಅಲ್ಲಿ ಇಂದಿಗೂ ವಾದ ನಡೆಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಯಾರೂ ಏನನ್ನೂ ನಿಷೇಧಿಸಿಲ್ಲ. ಆದರೂ ಕೆಲವು ವಿಷಯದ ಪುಸ್ತಕಗಳು ಬರುವುದೇ ಇಲ್ಲ, ಬಂದವು ಮೆಲ್ಲಗೆ ಕಾಣೆಯಾಗುತ್ತವೆ. (ಓದುಗ)

ಉತ್ತರ: ಇದು ಗದ್ದಲವಿಲ್ಲದೆ ನಡೆಯುವುದರಿಂದ ಬಹಿರಂಗ ನಿಷೇಧಕ್ಕಿಂತ ಅಪಾಯಕಾರಿ. ಎರಡು ಕಡೆ ನೋಡಿ.

ಒಂದು, ಖರೀದಿ. ಗಲಾಟೆಯಾದೀತು ಎಂಬ ಭಯಕ್ಕೆ ಪುಸ್ತಕ ಪಟ್ಟಿಗೇ ಸೇರುವುದಿಲ್ಲ. ಇದಕ್ಕೆ ಮದ್ದು ಎರಡು ಪುಟದ ಆಯ್ಕೆ ನೀತಿ. ಯಾರು ಆರಿಸುತ್ತಾರೆ, ಯಾವ ಅಳತೆಗೋಲಿನಿಂದ (ಮಾಹಿತಿಯ ನಿಖರತೆ, ಭಾಷೆ, ಚಿತ್ರ, ವಯಸ್ಸು, ಸಂಗ್ರಹದಲ್ಲಿರುವ ಕೊರತೆ), ದಾನದ ಪುಸ್ತಕಕ್ಕೂ ಅದೇ ಅಳತೆಗೋಲು, ಆಕ್ಷೇಪ ಬಂದರೆ ಯಾವ ದಾರಿ ಎಂಬುದನ್ನು ಬರೆದು ಆಡಳಿತ ಸಮಿತಿಯಿಂದ ಠರಾವು ಮಾಡಿಸಿ. ಗಲಾಟೆ ಶುರುವಾದ ಮೇಲೆ ಬರೆದ ನೀತಿಯನ್ನು ಯಾರೂ ನಂಬುವುದಿಲ್ಲ. ಈಗಲೇ ಬರೆಯಿರಿ.

ಇನ್ನೊಂದು, ಹಳೆಯ ಪುಸ್ತಕ ತೆಗೆಯುವ ಕೆಲಸ. ಹರಿದದ್ದು, ಮಾಹಿತಿ ತಪ್ಪಾದದ್ದು, ಹೊಸ ಆವೃತ್ತಿ ಬಂದದ್ದು, ವರ್ಷಗಟ್ಟಲೆ ಯಾರೂ ಮುಟ್ಟದ್ದು ಇವನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಒಳ್ಳೆಯ ಪುಸ್ತಕ ಹಳೆಯದರ ನಡುವೆ ಹೂತುಹೋಗುತ್ತದೆ. ಆದರೆ ವಿವಾದದ ಪುಸ್ತಕವನ್ನು ಸದ್ದಿಲ್ಲದೆ ಸಾಗಿಸಲೂ ಇದೇ ಸುಲಭ ದಾರಿ. ತೆಗೆದ ಪ್ರತಿ ಪುಸ್ತಕದ ಎದುರು ಕಾರಣ, ದಿನಾಂಕ, ಕೊನೆಯ ಎರವಲಿನ ದಿನ ಮತ್ತು ಇಬ್ಬರ ಸಹಿ ಇರಲಿ. ಚೆನ್ನಾಗಿ ಓಡಾಡುತ್ತಿದ್ದ ಪುಸ್ತಕ ‘ಹಳೆಯದು’ ಎಂದು ಹೊರಬಿದ್ದಿದ್ದರೆ ಆ ಪಟ್ಟಿಯೇ ಹೇಳುತ್ತದೆ. ಪುಸ್ತಕ ಕಳೆದುಹೋಗಿದೆ ಎಂದು ಬರೆದಿದ್ದರೆ, ಬದಲಿ ಪ್ರತಿ ತರಿಸಿದ್ದಾರೆಯೇ ಎಂದು ಕೇಳಿ.

ಪ್ರಶ್ನೆ: ಹತ್ತು ವರ್ಷದ ಮಗಳು ಹದಿಮೂರರವರ ಕಪಾಟಿನಿಂದ ಪುಸ್ತಕ ತರುತ್ತಾಳೆ. ಗ್ರಂಥಾಲಯದವರು ತಡೆಯಬೇಡವೇ? (ತಾಯಿ)

ಉತ್ತರ: ವಯಸ್ಸಿನ ಚೀಟಿ ಪುಸ್ತಕ ಹುಡುಕಲು ಇರುವುದು, ಬೀಗ ಹಾಕಲು ಅಲ್ಲ. ಒಂದೇ ವಯಸ್ಸಿನ ಮಕ್ಕಳ ಓದಿನ ಮಟ್ಟದಲ್ಲಿ ಮೂರು ನಾಲ್ಕು ವರ್ಷಗಳ ಅಂತರ ಇರುವುದು ಸಾಮಾನ್ಯ. ಬೇಗ ಓದುವವರನ್ನು ತಡೆದರೆ ಅವರು ಓದು ಬಿಡುತ್ತಾರೆ. ತಡವಾಗಿ ಓದುವವರಿಗೆ ‘ಚಿಕ್ಕವರ ಪುಸ್ತಕ’ ಎಂಬ ಚೀಟಿ ಕಂಡರೆ ನಾಚಿಕೆಯಾಗುತ್ತದೆ, ಅವರೂ ಬಿಡುತ್ತಾರೆ. ಮನೆಯಲ್ಲಿ ನೀವು ಮಾಡಬಹುದಾದದ್ದು ಆ ಪುಸ್ತಕವನ್ನು ನೀವೂ ಓದುವುದು. ಮಗಳಿಗೆ ಭಾರವಾದರೆ ಅವಳೇ ಮುಚ್ಚಿಡುತ್ತಾಳೆ, ಮುಚ್ಚಿಟ್ಟದ್ದಕ್ಕೆ ಬೈಯಬೇಡಿ.

ಗ್ರಂಥಾಲಯದವರಿಗೂ ಒಂದು ಮಾತು. ಪುಸ್ತಕದ ಹಿಂಬದಿಯ ಚೀಟಿಯಲ್ಲಿ ಒಯ್ದ ಮಕ್ಕಳ ಹೆಸರು ಬರೆಯುವ ಪದ್ಧತಿ ಇದ್ದರೆ ನಿಲ್ಲಿಸಿ, ಸದಸ್ಯತ್ವ ಸಂಖ್ಯೆ ಸಾಕು. ಮೈ ಬೆಳೆಯುವ ಬಗ್ಗೆಯೋ ಮನೆಯ ಹಿಂಸೆಯ ಬಗ್ಗೆಯೋ ಓದಬಯಸುವ ಮಗು ಮುಂದಿನವರು ತನ್ನ ಹೆಸರು ನೋಡುತ್ತಾರೆಂದು ಆ ಪುಸ್ತಕ ಮುಟ್ಟುವುದಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೆಯ ವಿಧಿ ಮಾಹಿತಿ ಹುಡುಕುವ ಹಕ್ಕನ್ನು ಮಗುವಿಗೇ ಕೊಟ್ಟಿದೆ.

ಪ್ರಶ್ನೆ: ದೃಷ್ಟಿ ಕಡಿಮೆ ಇರುವ ಒಬ್ಬ ಹುಡುಗ, ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಇಬ್ಬರು ನಮ್ಮಲ್ಲಿದ್ದಾರೆ. ಅವರಿಗೆಂದು ಪುಸ್ತಕ ನಾವೇ ತಯಾರಿಸಬಹುದೇ? ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆಯೇ? (ಸ್ವಯಂಸೇವಕಿ)

ಉತ್ತರ: ಕಾನೂನಿನ ದಾರಿ ಇದೆ. 2013ರ ಜೂನ್‌ನಲ್ಲಿ ಆದ ಮರಕೇಶ್ ಒಪ್ಪಂದ 2016ರ ಸೆಪ್ಟೆಂಬರ್ 30ರಿಂದ ಜಾರಿಯಲ್ಲಿದೆ. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. ಅಚ್ಚಾದ ಪುಸ್ತಕ ಓದಲಾಗದವರಿಗಾಗಿ ಬ್ರೈಲ್, ದೊಡ್ಡಕ್ಷರ, ಧ್ವನಿ ಮುಂತಾದ ರೂಪದ ಪ್ರತಿಗಳನ್ನು ಹಕ್ಕುದಾರರ ಅನುಮತಿ ಇಲ್ಲದೆ ಮಾಡಲು, ಒಪ್ಪಂದಕ್ಕೆ ಸೇರಿದ ಇತರ ದೇಶಗಳ ಜೊತೆ ಹಂಚಿಕೊಳ್ಳಲು ಅದು ಅಧಿಕೃತ ಸಂಸ್ಥೆಗಳಿಗೆ ಅವಕಾಶ ಕೊಡುತ್ತದೆ. ಕುರುಡುತನಕ್ಕಷ್ಟೇ ಅಲ್ಲ, ಡಿಸ್ಲೆಕ್ಸಿಯಾದಂಥ ಓದಿನ ತೊಡಕಿಗೂ, ಪುಸ್ತಕ ಹಿಡಿಯಲಾಗದ ದೈಹಿಕ ತೊಂದರೆಗೂ ಅನ್ವಯಿಸುತ್ತದೆ. ಈ ಪ್ರತಿಗಳನ್ನು ಉಳಿದವರಿಗೆ ಹಂಚುವಂತಿಲ್ಲ.

ದೊಡ್ಡಕ್ಷರದ ಪ್ರತಿಗೆ 18 ಪಾಯಿಂಟ್ ಕನಿಷ್ಠ, ದೃಷ್ಟಿ ನೋಡಿಕೊಂಡು 24ಕ್ಕೆ ಏರಿಸಿ. ಕನ್ನಡದಲ್ಲಿ ಅಕ್ಷರ ದೊಡ್ಡದು ಮಾಡಿದರಷ್ಟೇ ಸಾಲದು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ಅಂತರ ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳನ್ನು ಅಚ್ಚು ಹಾಕಿ ನೋಡಿದರೆ ಗೊತ್ತಾಗುತ್ತದೆ. ಸಾಲಿನ ಬಲ ಅಂಚನ್ನು ಸಮ ಮಾಡಬೇಡಿ, ಪದಗಳ ನಡುವಿನ ಅಂತರ ಏರುಪೇರಾಗಿ ಓದುವ ಕಣ್ಣು ತಪ್ಪುತ್ತದೆ. ಹೊಳೆಯುವ ಕಾಗದ ಬೇಡ. ಚಿತ್ರದ ಮೇಲೆ ಅಕ್ಷರ ಹೇರಬೇಡಿ.

ಚಿತ್ರಪುಸ್ತಕವನ್ನು ಬ್ರೈಲ್ ಮಾಡಲು ಪಾರದರ್ಶಕ ಅಂಟುಹಾಳೆಯ ಮೇಲೆ ಚುಕ್ಕಿ ಮೂಡಿಸಿ ಪುಟಕ್ಕೆ ಅಂಟಿಸಿದರೆ ಕಾಣುವ ತಂಗಿ, ಕಾಣದ ಅಣ್ಣ ಒಂದೇ ಪುಸ್ತಕ ಓದಬಹುದು. ಬ್ರೈಲ್ ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್ ಎತ್ತರ, ಚುಕ್ಕಿಯಿಂದ ಚುಕ್ಕಿಗೆ 2.5 ಮಿ.ಮೀ. ಇದನ್ನು ಹಿಗ್ಗಿಸಲಾಗುವುದಿಲ್ಲ, ಬೆರಳ ತುದಿಗೆ ಒಂದು ಅಕ್ಷರ ಇಡಿಯಾಗಿ ಸಿಗಬೇಕು. ಮುಟ್ಟಿ ನೋಡುವ ಚಿತ್ರವಾದರೆ ಪುಟಕ್ಕೆ ಒಂದೇ ವಸ್ತು, ಸ್ಪಷ್ಟ ಹೊರಗೆರೆ. ದೂರದ ಮರ ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬುದು ಕಣ್ಣಿನ ನಿಯಮ. ಬೆರಳಿಗೆ ಅದು ಎರಡು ಬೇರೆ ಮರ. ಇಂಥ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಚುಕ್ಕಿ ಚಪ್ಪಟೆಯಾಗುತ್ತದೆ, ಸಡಿಲವಾಗಿ ನಿಲ್ಲಿಸಿಡಿ.

ಪ್ರಶ್ನೆ: ಮನೆಮಾತು ಬೇರೆ ಇರುವ ಮಕ್ಕಳಿಗೆ ಅವರ ಭಾಷೆಯ ಪುಸ್ತಕವೇ ಸಿಗುವುದಿಲ್ಲ. (ಶಿಕ್ಷಕ)

ಉತ್ತರ: ಅಂಗಡಿಯಲ್ಲಿ ಸಿಗದ ಭಾಷೆಗಳಿಗೆ ಮುಕ್ತ ಪರವಾನಗಿಯ ಕಥೆಗಳಿವೆ. ಮಕ್ಕಳ ಪುಸ್ತಕ ಪ್ರಕಾಶನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಅಚ್ಚು ಹಾಕಬಹುದು. ಬರೆದವರ, ಚಿತ್ರಕಾರರ ಹೆಸರಿರುವ ಪುಟವನ್ನು ಮಾತ್ರ ಕೈಬಿಡುವಂತಿಲ್ಲ, ಪರವಾನಗಿಯ ಷರತ್ತೇ ಅದು.

16 ಪುಟದ ಪುಸ್ತಕಕ್ಕೆ ನಾಲ್ಕು ಎ4 ಹಾಳೆ. ಪ್ರಿಂಟರ್‌ನಲ್ಲಿ ಬುಕ್‌ಲೆಟ್ ಆಯ್ಕೆ ಮಾಡಿ, ಎರಡು ಬದಿ, ಚಿಕ್ಕ ಅಂಚಿನಲ್ಲಿ ತಿರುಗುವಂತೆ ಕೊಡಿ. ಉದ್ದ ಅಂಚು ಕೊಟ್ಟರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಪುಟಗಳು ನಾಲ್ಕರ ಗುಣಕದಲ್ಲಿಲ್ಲದಿದ್ದರೆ ಖಾಲಿ ಪುಟ ಸೇರಿಸಿ. ಸಾಮಾನ್ಯ ಸ್ಟೇಪ್ಲರ್ ನಡು ಮಡಿಕೆಗೆ ಎಟಕುವುದಿಲ್ಲ, ಮಡಿಕೆಯಲ್ಲಿ ಮೂರು ತೂತು ಮಾಡಿ ದಾರದಿಂದ ಹೊಲಿಯಿರಿ, ಅದೇ ಹೆಚ್ಚು ಬಾಳುತ್ತದೆ. ಅನುವಾದವನ್ನು ಆ ಭಾಷೆಯಾಡುವ ಮನೆಯವರಿಂದ ಗಟ್ಟಿಯಾಗಿ ಓದಿಸಿ ತಿದ್ದಿಸದೆ ಅಚ್ಚಿಗೆ ಕೊಡಬೇಡಿ.

ಪ್ರಶ್ನೆ: ಒಂದು ಸಮುದಾಯವನ್ನು ಹೀಯಾಳಿಸುವ ಹಳೆಯ ಮಕ್ಕಳ ಪುಸ್ತಕ ಸಿಕ್ಕಿದೆ. ಆ ಪದಗಳಿಗೆ ಮಸಿ ಬಳಿಯಲೇ? (ಓದುಗ)

ಉತ್ತರ: ಬೇಡ. ಮಸಿಯ ಕೆಳಗೇನಿದೆ ಎಂದು ಮಕ್ಕಳು ಮೊದಲು ನೋಡುವುದೇ ಅದನ್ನು. ನಿಮ್ಮ ಆಯ್ಕೆ ನೀತಿಯ ಅಳತೆಗೋಲನ್ನೇ ಇದಕ್ಕೂ ಹಿಡಿಯಿರಿ. ಚಿಕ್ಕವರು ತಾವಾಗಿ ತೆಗೆದುಕೊಳ್ಳುವ ಬುಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ದೊಡ್ಡವರು ಕಾಲವನ್ನು ಅರಿಯಲು ಓದಬೇಕಾದ ಕೃತಿಯಾದರೆ ಅವರ ಕಪಾಟಿನಲ್ಲಿ, ಆ ಸಮುದಾಯದವರೇ ಬರೆದ ಪುಸ್ತಕದ ಪಕ್ಕದಲ್ಲಿ ಇಡಿ.

ಪ್ರಶ್ನೆ: ಬರುವವರು ಕಡಿಮೆ ಎಂದು ನಮ್ಮ ಗ್ರಂಥಾಲಯದ ಸಮಯ ಅರ್ಧಕ್ಕೆ ಇಳಿಸುವ ಮಾತು ನಡೆದಿದೆ. ಸಹಿ ಸಂಗ್ರಹ ಶುರುಮಾಡಿದ್ದೇವೆ. ಇನ್ನೇನು ಮಾಡಬಹುದು? (ಯುವ ಓದುಗರ ಗುಂಪು)

ಉತ್ತರ: ಸಹಿಗಿಂತ ಮೊದಲು ಎಣಿಕೆ. ‘ಕಡಿಮೆ’ ಎಂಬ ಮಾತು ಎಲ್ಲಿಂದ ಬಂತು ಎಂದು ಕೇಳಿ. ಬಹುತೇಕ ಎರವಲು ರಿಜಿಸ್ಟರ್‌ನಿಂದ ಬಂದಿರುತ್ತದೆ. ಅಲ್ಲೇ ಕೂತು ಓದಿ ಹೋಗುವವರು, ಹೋಮ್‌ವರ್ಕ್ ಮಾಡುವವರು, ಪತ್ರಿಕೆ ನೋಡುವವರು, ಅರ್ಜಿ ತುಂಬಲು ಸಹಾಯ ಕೇಳುವವರು ಅದರಲ್ಲಿ ಇರುವುದಿಲ್ಲ.

ಎರಡು ವಾರ ಆರಿಸಿ, ಒಂದು ಪರೀಕ್ಷೆಯ ಹೊತ್ತಿನದು, ಇನ್ನೊಂದು ಸಾಮಾನ್ಯದ್ದು. ಬಾಗಿಲ ಬಳಿ ಕೂತು ಗಂಟೆಗೊಮ್ಮೆ ಒಳಗೆ ಬಂದವರನ್ನು ಎಣಿಸಿ, ಮಕ್ಕಳು ಮತ್ತು ದೊಡ್ಡವರನ್ನು ಬೇರೆ ಬೇರೆ ಬರೆಯಿರಿ. ಓದಿದ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟುಹೋಗಲು ಹೇಳಿ, ಸಂಜೆ ಕಪಾಟಿಗೆ ಇಡುವ ಮೊದಲು ಎಣಿಸಿ. ಒಳಗೇ ನಡೆದ ಓದು ಅದರಿಂದ ತಿಳಿಯುತ್ತದೆ. ಕೇಳಿದ ಪುಸ್ತಕ ಸಿಗದೆ ವಾಪಸ್ ಹೋದವರ ಸಂಖ್ಯೆಯನ್ನೂ ಬರೆದಿಡಿ. ಇದನ್ನು ಎಲ್ಲರೂ ಮರೆಯುತ್ತಾರೆ.

ಗಂಟೆವಾರು ಲೆಕ್ಕ ಕೈಯಲ್ಲಿದ್ದರೆ ಮಾತು ಬದಲಾಗುತ್ತದೆ. ಶಾಲೆ ಬಿಟ್ಟ ಮೇಲಿನ ಎರಡು ಗಂಟೆಗಳಲ್ಲೇ ಹೆಚ್ಚಿನ ಮಕ್ಕಳು ಬರುತ್ತಿದ್ದು, ಪ್ರಸ್ತಾವ ಆ ಹೊತ್ತನ್ನೇ ಕತ್ತರಿಸುತ್ತಿದ್ದರೆ, ಅದನ್ನು ಒಂದೇ ಪುಟದಲ್ಲಿ ತೋರಿಸಿ. ಜನ ನಿಜಕ್ಕೂ ಕಡಿಮೆ ಇದ್ದರೆ ಕಾರಣ ಹುಡುಕಿ. ಮಕ್ಕಳಿಗೆ ಬಿಡುವಿರುವಾಗ ಬಾಗಿಲು ಮುಚ್ಚಿರುವುದು, ಸದಸ್ಯರಾಗಲು ಗುರುತಿನ ದಾಖಲೆ ಅಥವಾ ಠೇವಣಿ ಕೇಳುವುದು, ತಡವಾದರೆ ದಂಡ ಇವು ಸಾಮಾನ್ಯ ಕಾರಣಗಳು. ದಂಡ ಕಟ್ಟಲಾಗದ ಮಗು ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ. ಇವನ್ನು ಸರಿಪಡಿಸುವ ಪ್ರಸ್ತಾವವನ್ನು ನೀವೇ ಮುಂದಿಡಿ.

ತೀರ್ಮಾನ ಯಾರದ್ದು, ಬಜೆಟ್ ಯಾವ ತಿಂಗಳು ಎಂದು ಮೊದಲೇ ತಿಳಿದುಕೊಳ್ಳಿ. ಬಜೆಟ್ ಅಂಗೀಕಾರವಾದ ಮೇಲೆ ಎಷ್ಟು ಸಹಿ ತಂದರೂ ಒಂದು ವರ್ಷ ಕಾಯಬೇಕಾಗುತ್ತದೆ. ಮನವಿಯಲ್ಲಿ ಒಂದೇ ಬೇಡಿಕೆ ಇರಲಿ, ಗಂಟೆಗಳನ್ನು ಹೆಸರಿಸಿ ಕೇಳಿ. ‘ಗ್ರಂಥಾಲಯ ಉಳಿಸಿ’ ಎಂದರೆ ಉಳಿಸುತ್ತೇವೆ ಎಂದು ಹೇಳಿ ಸಮಯ ಕತ್ತರಿಸಬಹುದು. ಜೊತೆಗೆ ಸಾರ್ವಜನಿಕ ಗ್ರಂಥಾಲಯ ಕುರಿತ ಇಫ್ಲಾ (ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ) ಮತ್ತು ಯುನೆಸ್ಕೊ ಪ್ರಣಾಳಿಕೆಯ 2022ರ ಆವೃತ್ತಿಯನ್ನು ಲಗತ್ತಿಸಿ. ಸಾರ್ವಜನಿಕ ಗ್ರಂಥಾಲಯ ತಾತ್ವಿಕವಾಗಿ ಉಚಿತವಾಗಿರಬೇಕು, ವಯಸ್ಸು, ಲಿಂಗ, ಧರ್ಮ, ಭಾಷೆ, ಸಾಮಾಜಿಕ ಸ್ಥಾನ ನೋಡದೆ ಎಲ್ಲರಿಗೂ ಸಮಾನವಾಗಿ ಸಿಗಬೇಕು, ಸಂಗ್ರಹದ ಮೇಲೆ ಸೈದ್ಧಾಂತಿಕ, ರಾಜಕೀಯ ಅಥವಾ ಧಾರ್ಮಿಕ ಸೆನ್ಸಾರ್ ಇರಬಾರದು ಎಂದು ಅದು ಹೇಳುತ್ತದೆ. ಅದು ಕಾನೂನಲ್ಲ, ಆದರೆ ಅದರ ವಿರುದ್ಧ ಹೋಗುವವರು ಕಾರಣ ಕೊಡಬೇಕಾಗುತ್ತದೆ.

ಸಭೆಯಲ್ಲಿ ಮೂರು ನಿಮಿಷ ಸಿಕ್ಕರೆ ಒಂದು ನಿಮಿಷ ಅಂಕಿಗಳಿಗೆ, ಉಳಿದದ್ದು ದಿನವೂ ಅಲ್ಲಿಗೆ ಬರುವ ಒಬ್ಬ ಹುಡುಗ ಅಥವಾ ಹುಡುಗಿಗೆ ಕೊಡಿ. ಬರೆದುಕೊಟ್ಟದ್ದನ್ನು ಓದಿಸಬೇಡಿ, ಸಮಯ ಕಡಿತವಾದರೆ ತಾನು ಎಲ್ಲಿ ಕೂತು ಓದಬೇಕಾಗುತ್ತದೆ ಎಂದು ಅವರೇ ಹೇಳಲಿ. ಉತ್ತರವನ್ನು ಲಿಖಿತವಾಗಿ, ದಿನಾಂಕ ಸಮೇತ ಕೇಳಿ ಪಡೆಯಿರಿ.